ಟೈಮಿಂಗ್ ಏರಿಸಿದರೆ ಗೇರ್ ಯಾಕೆ ಇಳಿಸಬೇಕು? ಆರ್‌ಸಿ ರೇಸ್ ಕಾರಿನ ಮೋಟರ್ ಲೆಕ್ಕ

ಆಟಿಕೆ ಅಂಗಡಿಯ ರಿಮೋಟ್ (ಆರ್‌ಸಿ) ಕಾರು ಸಾಕಾಗಿ, ಬಿಡಿಭಾಗ ಜೋಡಿಸಿ ಕಟ್ಟುವ ಕಿಟ್ ಕಾರು ಮನೆಗೆ ಬಂದಿದೆ ಅಂದುಕೊಳ್ಳಿ. ಮನೆ ಮುಂದಿನ ರಸ್ತೆಯಲ್ಲಿ ಓಡಿಸುವಷ್ಟು ದಿನ ಏನೂ ತೊಂದರೆ ಇಲ್ಲ. ರೇಸ್ ಟ್ರ್ಯಾಕಿಗೆ ಕಾಲಿಟ್ಟ ದಿನ ಮಾತಿನ ಧಾಟಿಯೇ ಬದಲಾಗುತ್ತದೆ. "17.5ಟಿ ಬ್ಲಿಂಕಿ, ಟೈಮಿಂಗ್ 40, ಎಫ್‌ಡಿಆರ್ 3.9. ಆದ್ರೂ ಕೊನೇ ನಿಮಿಷದಲ್ಲಿ ಕಾರು ಸುಸ್ತಾಗ್ತಿದೆ." ಇಷ್ಟು ಕೇಳಿದರೆ ಹೊಸಬರಿಗೆ ಅರ್ಥವಾಗುವುದು "ಸುಸ್ತಾಗ್ತಿದೆ" ಅನ್ನುವುದು ಮಾತ್ರ.

ಆ ಒಂದು ಮಾತಿನಲ್ಲಿ ಇಡೀ ವಿಷಯ ಅಡಗಿದೆ. ಎಲೆಕ್ಟ್ರಿಕ್ ರೇಸ್ ಕಾರಿನ ವೇಗವನ್ನು ನಾವು ಕೈಯಾರೆ ತಿದ್ದುವುದು ಮುಖ್ಯವಾಗಿ ಎರಡು ಕಡೆ: ಮೋಟರಿನ ಟೈಮಿಂಗ್ ಮತ್ತು ಗೇರಿಂಗ್. ಇವು ಎರಡು ಬೇರೆ ಬೇರೆ ತಿರುಪುಗಳ ಹಾಗೆ ಕಾಣುತ್ತವೆ. ನಿಜಕ್ಕೂ ಒಂದನ್ನು ಮುಟ್ಟಿದರೆ ಇನ್ನೊಂದರ ಲೆಕ್ಕವೂ ತಪ್ಪುತ್ತದೆ. ಅದು ಯಾಕೆ ಅಂತ ಬುಡದಿಂದ ನೋಡೋಣ.

## ಮೋಟರಿನ ಒಳಗೆ ಏನು ನಡೆಯುತ್ತದೆ

ಇವತ್ತಿನ 1/10 ಅಳತೆಯ ರೇಸ್ ಕಾರುಗಳಲ್ಲಿ ಇರುವುದು ಹೆಚ್ಚಾಗಿ 540 ಗಾತ್ರದ ಬ್ರಷ್‌ಲೆಸ್ ಮೋಟರ್. ಸುಮಾರು 36 ಮಿಲಿಮೀಟರ್ ದಪ್ಪ, 5 ಸೆಂಟಿಮೀಟರ್ ಆಸುಪಾಸು ಉದ್ದ. ಮುಷ್ಟಿಯಲ್ಲಿ ಹಿಡಿಯಬಹುದು. ಒಳಗೆ ನಡುವಿನಲ್ಲಿ ತಿರುಗುವುದು ರೋಟರ್. ಅದು ನಿಯೋಡಿಮಿಯಂನಿಂದ ಮಾಡಿದ ಬಲವಾದ ಮ್ಯಾಗ್ನೆಟ್. ಅದರ ಸುತ್ತ ಅಲುಗಾಡದೆ ಕೂತಿರುವುದು ತಾಮ್ರದ ತಂತಿಯ ಮೂರು ಗುಂಪು ಸುರುಳಿಗಳು.

ಸುರುಳಿಗೆ ಕರೆಂಟ್ ಕೊಟ್ಟರೆ ಅದೂ ಮ್ಯಾಗ್ನೆಟ್ ಆಗುತ್ತದೆ, ರೋಟರನ್ನು ತನ್ನತ್ತ ಎಳೆಯುತ್ತದೆ. ರೋಟರ್ ಹತ್ತಿರ ಬರುವಷ್ಟರಲ್ಲಿ ಕರೆಂಟನ್ನು ಮುಂದಿನ ಸುರುಳಿಗೆ ಬದಲಿಸಬೇಕು. ಇಲ್ಲದಿದ್ದರೆ ರೋಟರ್ ಅಲ್ಲೇ ಅಂಟಿ ನಿಲ್ಲುತ್ತದೆ. ಈ ಬದಲಾವಣೆ ಮಾಡುವುದು ಇಎಸ್‌ಸಿ, ಅಂದರೆ ಕಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ರೋಟರ್ ಎಲ್ಲಿದೆ ಅಂತ ಅದಕ್ಕೆ ತಿಳಿಸಲು ಮೋಟರಿನ ಹಿಂಬದಿಯ ಮುಚ್ಚಳದೊಳಗೆ ಒಂದು ಪುಟ್ಟ ಬೋರ್ಡ್ ಇದೆ, ಅದರ ಮೇಲೆ ಮ್ಯಾಗ್ನೆಟ್ ಎಲ್ಲಿದೆ ಅಂತ ಗುರುತಿಸುವ ಮೂರು ಹಾಲ್ ಸೆನ್ಸರ್‌ಗಳಿವೆ. ಆ ಮುಚ್ಚಳಕ್ಕೆ ಎಂಡ್‌ಬೆಲ್ ಅನ್ನುತ್ತಾರೆ. ಮುಂದೆ ಇದರ ಕೆಲಸ ಇದೆ, ನೆನಪಿಟ್ಟುಕೊಳ್ಳಿ.

ಈಗ 17.5ಟಿ ಅಂದರೇನು? 'ಟಿ' ಅಂದರೆ ಟರ್ನ್, ತಂತಿಯ ಸುತ್ತು. ಸುತ್ತು ಕಡಿಮೆಯಾದಷ್ಟೂ ಮೋಟರ್ ಜೋರು. ಹೊಸಬರ ಮತ್ತು ಮಧ್ಯಮ ತರಗತಿಗಳಲ್ಲಿ 21.5ಟಿ, 17.5ಟಿ, 13.5ಟಿ ಓಡುತ್ತವೆ. ಸುತ್ತಿಗೆ ಮಿತಿಯೇ ಇಲ್ಲದ 'ಮಾಡಿಫೈಡ್' ತರಗತಿಯಲ್ಲಿ 4.5ಟಿಯಂಥ ಮೋಟರುಗಳೂ ಇರುತ್ತವೆ. ಒಂದು ವೋಲ್ಟಿಗೆ ಖಾಲಿ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಅಂಕಿಗೆ ಕೆವಿ ಅಂತ ಹೆಸರು. 17.5ಟಿ ಮೋಟರಿಗೆ ಇದು ಸುಮಾರು 2,200ರಿಂದ 2,400. ಎರಡು ಸೆಲ್ಲಿನ ಲಿಪೋ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. ಗುಣಿಸಿ ನೋಡಿ, ಸುಮಾರು 20,000 ಆರ್‌ಪಿಎಂ ಬರುತ್ತದೆ. ಲೆಕ್ಕ ಸುಲಭವಾಗಲಿ ಅಂತ ಮುಂದೆಲ್ಲ ಇದೇ 20,000 ಇಟ್ಟುಕೊಳ್ಳೋಣ.

## ಟೈಮಿಂಗ್: ಕರೆಂಟನ್ನು ಸ್ವಲ್ಪ ಬೇಗ ಕಳಿಸುವುದು

20,000 ಆರ್‌ಪಿಎಂ ಅಂದರೆ ರೋಟರ್ ಒಂದು ಸುತ್ತು ಮುಗಿಸಲು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರು ಪಾಲು ಸಾಕು, 3 ಮಿಲಿಸೆಕೆಂಡ್. ರೇಸ್ ಮೋಟರುಗಳ ರೋಟರಿಗೆ ಸಾಮಾನ್ಯವಾಗಿ ಎರಡೇ ಧ್ರುವ. ಹಾಗಾಗಿ ಒಂದು ಸುತ್ತಿನಲ್ಲಿ ಇಎಸ್‌ಸಿ ಆರು ಸಲ ಕರೆಂಟಿನ ದಾರಿ ಬದಲಿಸುತ್ತದೆ. ಒಂದೊಂದು ಸಲಕ್ಕೂ ಸಿಗುವುದು ಅರ್ಧ ಮಿಲಿಸೆಕೆಂಡ್.

ತೊಂದರೆ ಇರುವುದು ಇಲ್ಲಿ. ಸುರುಳಿಗೆ ಕರೆಂಟ್ ಕೊಟ್ಟ ಕ್ಷಣವೇ ಅದು ಪೂರ್ತಿ ಏರುವುದಿಲ್ಲ. ಸುತ್ತಿದ ತಂತಿಗೆ ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ ಇದೆ. ಕಾಲುವೆಯ ತೂಬು ಎತ್ತಿದ ಕೂಡಲೇ ಕೊನೆಯ ಗದ್ದೆಗೆ ನೀರು ಬರುವುದಿಲ್ಲ, ಅಲ್ವಾ? ಬೆಳಿಗ್ಗೆ ಆ ಗದ್ದೆಗೆ ನೀರು ಬೇಕಿದ್ದರೆ ತೂಬನ್ನು ರಾತ್ರಿಯೇ ಎತ್ತಬೇಕು. ಮೋಟರಿನಲ್ಲೂ ಅಷ್ಟೇ. ರೋಟರ್ ಸರಿಯಾದ ಜಾಗಕ್ಕೆ ಬರುವ ಹೊತ್ತಿಗೆ ಕರೆಂಟ್ ತುಂಬಿರಬೇಕಾದರೆ, ಅದಕ್ಕಿಂತ ಸ್ವಲ್ಪ ಮೊದಲೇ ಕೊಡಬೇಕು. ಎಷ್ಟು ಮೊದಲು ಅನ್ನುವುದೇ ಟೈಮಿಂಗ್. ಅದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. 30 ಡಿಗ್ರಿ ಅಂದರೆ ಒಂದು ಸುತ್ತಿನ ಹನ್ನೆರಡರಲ್ಲಿ ಒಂದು ಪಾಲು. ನಮ್ಮ ಲೆಕ್ಕದಲ್ಲಿ ಕಾಲು ಮಿಲಿಸೆಕೆಂಡ್.

ಇದನ್ನು ಬದಲಿಸುವ ರೀತಿ ಬಹಳ ಸರಳ. ಎಂಡ್‌ಬೆಲ್ ಮೇಲಿನ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಸೆನ್ಸರ್ ಬೋರ್ಡ್ ಇರುವ ಭಾಗವನ್ನು ಕೈಯಿಂದ ಒಂದೆರಡು ಗೆರೆ ತಿರುಗಿಸುತ್ತಾರೆ. ಪಕ್ಕದಲ್ಲೇ ಡಿಗ್ರಿಯ ಗೆರೆಗಳನ್ನು ಕೆತ್ತಿರುತ್ತಾರೆ. ಸೆನ್ಸರ್ ಜಾಗ ಸರಿದಾಗ, ರೋಟರ್ ಇನ್ನೂ ಬರುವ ಮೊದಲೇ "ಬಂತು" ಅಂತ ಇಎಸ್‌ಸಿಗೆ ಸುದ್ದಿ ಹೋಗುತ್ತದೆ. ಅಷ್ಟೇ. ತಂತಿ, ಮ್ಯಾಗ್ನೆಟ್, ಬ್ಯಾಟರಿ ಯಾವುದೂ ಬದಲಾಗಿಲ್ಲ, ಆದರೂ ಮೋಟರ್ ಜೋರಾಗಿ ತಿರುಗುತ್ತದೆ.

ಜೋರಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ತಿರುಗುವ ಮೋಟರ್ ಒಂದು ಡೈನಮೋ ಕೂಡ ಹೌದು. ವೇಗ ಹೆಚ್ಚಿದಂತೆ ಅದು ಬ್ಯಾಟರಿಗೆ ಎದುರಾಗಿ ತನ್ನದೇ ವೋಲ್ಟೇಜ್ ಹುಟ್ಟಿಸುತ್ತದೆ. ಈ ಎದುರು ವೋಲ್ಟೇಜ್ ಬ್ಯಾಟರಿಯ ಹತ್ತಿರಕ್ಕೆ ಬಂದಾಗ ಮೋಟರ್ ಇನ್ನು ಮೇಲೇರುವುದಿಲ್ಲ. ಟೈಮಿಂಗ್ ಮುಂದೆ ಸರಿಸಿದರೆ, ಎದುರು ವೋಲ್ಟೇಜ್ ಇನ್ನೂ ಕಡಿಮೆ ಇರುವಾಗಲೇ ಕರೆಂಟ್ ಒಳನುಗ್ಗುತ್ತದೆ. ಆಗ ಮೇಲಿನ ಮಿತಿ ಇನ್ನಷ್ಟು ಮೇಲಕ್ಕೆ ಹೋಗುತ್ತದೆ.

ಇದಕ್ಕೆ ಬೆಲೆಯೂ ಇದೆ. ಕಡಿಮೆ ವೇಗದಲ್ಲಿ ಕರೆಂಟ್ ಏರಲು ಬೇಕಾದಷ್ಟು ಸಮಯ ಇರುತ್ತದೆ. ಅಲ್ಲಿ ಬೇಗ ಕಳಿಸಿದ ಕರೆಂಟ್ ತಪ್ಪು ಹೊತ್ತಿನಲ್ಲಿ ಎಳೆಯುತ್ತದೆ. ಅದರ ಒಂದು ಪಾಲು ತಿರುಗುವಿಕೆಗೆ ಬರುವುದಿಲ್ಲ, ಬಿಸಿಯಾಗಿ ಹೋಗುತ್ತದೆ. ಅಂದರೆ ಟೈಮಿಂಗ್ ಏರಿದರೆ ಆರ್‌ಪಿಎಂ ಜಾಸ್ತಿ, ಟಾರ್ಕ್ ಅಂದರೆ ತಿರುಗಿಸುವ ಬಲ ಕಡಿಮೆ, ಕರೆಂಟ್ ಖರ್ಚು ಜಾಸ್ತಿ. ಮೊದಲ ಕೆಲವು ಡಿಗ್ರಿಗಳಲ್ಲಿ ಲಾಭ ಚೆನ್ನಾಗಿ ಕಾಣುತ್ತದೆ. ಮೇಲೆ ಹೋದಂತೆ ಆರ್‌ಪಿಎಂ ಚೂರು ಚೂರೇ ಏರುತ್ತದೆ, ಕರೆಂಟ್ ಮಾತ್ರ ಸರಸರ ಏರುತ್ತದೆ.

ಇನ್ನೊಂದು ಮಾತು. ಕೆತ್ತಿದ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಸೆನ್ಸರ್ ಬೋರ್ಡ್ ಕೂರಿಸುವಾಗ ಆದ ಸಣ್ಣ ಹೆಚ್ಚುಕಮ್ಮಿಯಿಂದ ಒಂದೇ ಕಂಪನಿಯ ಎರಡು ಮೋಟರ್‌ಗಳು ಒಂದೇ ಗೆರೆಯಲ್ಲಿ ಬೇರೆ ಬೇರೆ ಟೈಮಿಂಗ್ ತೋರಿಸಬಹುದು. ಅದಕ್ಕೇ ಅನುಭವಿ ರೇಸರುಗಳು ಮೋಟರ್ ಚೆಕರ್ ಎಂಬ ಪುಟ್ಟ ಯಂತ್ರಕ್ಕೆ ಜೋಡಿಸಿ, ಖಾಲಿ ತಿರುಗುವಾಗ ಎಷ್ಟು ಆರ್‌ಪಿಎಂ, ಎಷ್ಟು ಆಂಪ್ ಅಂತ ನೋಡಿಕೊಳ್ಳುತ್ತಾರೆ. ಗೆಳೆಯರು "40ಕ್ಕೆ ಇಡು" ಅಂದರೆ ಅದು ಅವರ ಮೋಟರಿನ 40.

## ಗೇರಿಂಗ್: ಒಂದು ಹಲ್ಲಿನ ಬೆಲೆ

ಮೋಟರ್ ಶಾಫ್ಟಿನ ಮೇಲಿರುವ ಚಿಕ್ಕ ಗೇರಿಗೆ ಪಿನಿಯನ್ ಅನ್ನುತ್ತಾರೆ. ಅದು ತಿರುಗಿಸುವ ದೊಡ್ಡ ಗೇರ್ ಸ್ಪರ್. ಅಲ್ಲಿಂದ ಬೆಲ್ಟ್ ಅಥವಾ ಗೇರುಗಳ ಮೂಲಕ ಬಲ ಚಕ್ರಕ್ಕೆ ಹೋಗುತ್ತದೆ. ಆ ಒಳಗಿನ ಭಾಗದ ಅನುಪಾತ ಆಯಾ ಕಾರಿಗೆ ನಿಗದಿಯಾಗಿರುತ್ತದೆ. ನಾವು ಬದಲಿಸುವುದು ಪಿನಿಯನ್ ಮತ್ತು ಸ್ಪರ್ ಮಾತ್ರ.

ಸ್ಪರ್ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ, ಒಳಗಿನ ಅನುಪಾತದಿಂದ ಗುಣಿಸಿದರೆ ಬರುವುದೇ ಎಫ್‌ಡಿಆರ್, ಅಂದರೆ ಫೈನಲ್ ಡ್ರೈವ್ ರೇಶಿಯೊ. ಚಕ್ರ ಒಂದು ಸುತ್ತು ತಿರುಗಲು ಮೋಟರ್ ಎಷ್ಟು ಸುತ್ತು ತಿರುಗಬೇಕು ಅನ್ನುವುದೇ ಅದರ ಅರ್ಥ.

ಉದಾಹರಣೆಗೆ ಜಪಾನಿನ ಟಮಿಯಾ ಕಂಪನಿಯ ಟಿಟಿ-02. ಬಹಳ ಜನ ಮೊದಲು ಕೊಳ್ಳುವ ಕಿಟ್ ಇದು. ಸ್ಪರ್ 70 ಹಲ್ಲು, ಪಿನಿಯನ್ 22, ಒಳಗಿನ ಅನುಪಾತ 2.6. ಲೆಕ್ಕ ಹಾಕಿದರೆ 8.27. ಮೋಟರ್ ಎಂಟೂಕಾಲು ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು. ಈಗ ರೇಸಿಗೆಂದೇ ಮಾಡಿದ ಬೆಲ್ಟ್ ಟೂರಿಂಗ್ ಕಾರೊಂದನ್ನು ತೆಗೆದುಕೊಳ್ಳಿ. ಸ್ಪರ್ 96, ಪಿನಿಯನ್ 46, ಒಳಗೆ 1.9. ಎಫ್‌ಡಿಆರ್ 3.97.

ಎರಡಕ್ಕೂ 63 ಮಿಲಿಮೀಟರ್ ವ್ಯಾಸದ ಟೈರ್ ಹಾಕೋಣ. ಸುತ್ತಳತೆ ಸುಮಾರು 198 ಮಿಲಿಮೀಟರ್. ಮೋಟರ್ 20,000 ಆರ್‌ಪಿಎಂನಲ್ಲಿದ್ದರೆ ಟಿಟಿ-02 ಗಂಟೆಗೆ ಸುಮಾರು 29 ಕಿಲೋಮೀಟರ್ ಹೋಗುತ್ತದೆ, ರೇಸ್ ಕಾರು ಸುಮಾರು 60. ಮೋಟರಿನ ವೇಗ ಒಂದೇ, ಕಾರಿನ ವೇಗ ದುಪ್ಪಟ್ಟು. ಅದೇ 46ರ ಪಿನಿಯನ್ ತೆಗೆದು 47 ಹಾಕಿದರೆ ಎಫ್‌ಡಿಆರ್ 3.88 ಆಗುತ್ತದೆ, ವೇಗ 61 ದಾಟುತ್ತದೆ. ಒಂದೇ ಹಲ್ಲಿಗೆ ಶೇಕಡ 2ರಷ್ಟು ವ್ಯತ್ಯಾಸ.

ಹೊಸಬರು ಎಡವುವ ಜಾಗ ಇದು: ಎಫ್‌ಡಿಆರ್ ಅಂಕಿ ದೊಡ್ಡದಾದರೆ ಕಾರಿನ ಕೊನೆಯ ವೇಗ ಕಡಿಮೆ, ಎಳೆತ ಜಾಸ್ತಿ. ಅಂಕಿ ಚಿಕ್ಕದಾದರೆ ವೇಗ ಜಾಸ್ತಿ, ತಿರುವಿನಿಂದ ಎದ್ದೇಳುವುದು ನಿಧಾನ, ಮೋಟರಿಗೆ ಹೊರೆ ಜಾಸ್ತಿ. ಟ್ರ್ಯಾಕಿನಲ್ಲಿ "ಗೇರ್ ಏರಿಸು" ಅಂದರೆ ದೊಡ್ಡ ಪಿನಿಯನ್ ಹಾಕು ಅಂತ, "ಇಳಿಸು" ಅಂದರೆ ಚಿಕ್ಕದು ಹಾಕು ಅಂತ.

ಪಿನಿಯನ್ ಕೊಳ್ಳುವಾಗ ಹಲ್ಲಿನ ಅಳತೆಯನ್ನೂ ನೋಡಿ. 48 ಪಿಚ್, 64 ಪಿಚ್, 0.6 ಮಾಡ್ಯೂಲ್ ಹೀಗೆ ಬೇರೆ ಬೇರೆ ಇವೆ. ಒಂದಕ್ಕೊಂದು ಹೊಂದದ ಜೋಡಿ ಹಾಕಿದರೆ ಪ್ಲಾಸ್ಟಿಕ್ ಸ್ಪರ್ ಕೆಲವೇ ನಿಮಿಷದಲ್ಲಿ ಬೋಳಾಗುತ್ತದೆ.

## ಎರಡನ್ನೂ ಒಟ್ಟಿಗೆ ಯಾಕೆ ನೋಡಬೇಕು

ಟೈಮಿಂಗ್ ಏರಿಸಿದಾಗ ಮೋಟರ್ ಸ್ವಭಾವ ಬದಲಾಯಿತು. ತಿರುಗುವ ವೇಗ ಹೆಚ್ಚಾಯಿತು, ಬಲ ಕಡಿಮೆಯಾಯಿತು. ಸುಮಾರಾಗಿ ಹೇಳುವುದಾದರೆ ತಂತಿಯ ಸುತ್ತು ಕಡಿಮೆ ಇರುವ ಬೇರೆ ಮೋಟರ್ ಹಾಕಿದ ಹಾಗೇ. ಹಳೇ ಗೇರನ್ನೇ ಬಿಟ್ಟರೆ ಬಲ ಕಡಿಮೆಯಾದ ಮೋಟರ್ ಅದೇ ಹೊರೆ ಎಳೆಯಬೇಕು. ಅದು ಹೆಚ್ಚು ಕರೆಂಟ್ ಎಳೆದುಕೊಂಡು ಬಿಸಿಯಾಗುತ್ತದೆ. ಹಾಗಾಗಿ ಪಿನಿಯನ್ ಒಂದೆರಡು ಹಲ್ಲು ಇಳಿಸಬೇಕು. ಆಗ ಮೋಟರ್ ಹೆಚ್ಚು ಆರ್‌ಪಿಎಂನಲ್ಲಿ ಹಗುರವಾಗಿ ತಿರುಗುತ್ತದೆ. ಟೈಮಿಂಗ್ ಇಳಿಸಿದರೆ ಇದರ ತಿರುವುಮುರುವು: ಬಲ ಇದೆ, ವೇಗ ಇಲ್ಲ, ಆದ್ದರಿಂದ ದೊಡ್ಡ ಪಿನಿಯನ್.

ಒಂದೇ ಲ್ಯಾಪ್ ಟೈಮನ್ನು ಈ ಎರಡು ದಾರಿಯಲ್ಲೂ ತಲುಪಬಹುದು. ಉದ್ದ ನೇರ ಓಟವಿರುವ ಟ್ರ್ಯಾಕಿನಲ್ಲಿ ಟೈಮಿಂಗ್ ಜಾಸ್ತಿ ಮಾಡಿದರೆ ಲಾಭ ಸಿಗಬಹುದು. ಮೂಲೆ ಮೂಲೆಗೆ ತಿರುವಿರುವ ಸಣ್ಣ ಹಾಲ್‌ನಲ್ಲಿ ಕಡಿಮೆ ಟೈಮಿಂಗಿನ ಬಲ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನನ್ನ ಪ್ರಕಾರ ಹೊಸಬರು ಕಡಿಮೆ ಟೈಮಿಂಗ್‌ನಿಂದ ಶುರು ಮಾಡುವುದೇ ಸರಿ. ಮೋಟರ್ ಉಳಿಯುತ್ತದೆ, ಕಾರು ಕೈಗೆ ಸಿಗುತ್ತದೆ, ಯಾವ ಬದಲಾವಣೆಯಿಂದ ಏನಾಯಿತು ಅಂತಲೂ ಗೊತ್ತಾಗುತ್ತದೆ.

## ಕೊನೇ ನಿಮಿಷದ ಸುಸ್ತು

ಟೂರಿಂಗ್ ಕಾರಿನ ಒಂದು ಓಟ ಸಾಮಾನ್ಯವಾಗಿ 5 ನಿಮಿಷ. ಮೊದಲ ಎರಡು ನಿಮಿಷ ಬಾಣದಂತೆ ಓಡಿದ ಕಾರು ನಾಲ್ಕನೇ ನಿಮಿಷಕ್ಕೆ ಮಂಕಾಗುತ್ತದೆ. ಬ್ಯಾಟರಿ ಇಳಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಕಾರಣ ಮೋಟರಿನ ಬಿಸಿ.

ತಾಮ್ರ ಬಿಸಿಯಾದಂತೆ ಅದರ ವಿದ್ಯುತ್ ತಡೆ ಏರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಶೇಕಡ 0.39ರಷ್ಟು. 30 ಡಿಗ್ರಿಯಿಂದ 90ಕ್ಕೆ ಹೋದರೆ ತಡೆ ಶೇಕಡ 23ರಷ್ಟು ಜಾಸ್ತಿಯಾಯಿತು. ಅದೇ ಕರೆಂಟಿಗೆ ಅಷ್ಟೇ ಪಾಲು ಹೆಚ್ಚು ಬಿಸಿ. ಇತ್ತ ನಿಯೋಡಿಮಿಯಂ ಮ್ಯಾಗ್ನೆಟ್ ಕೂಡ ಬಿಸಿಗೆ ದುರ್ಬಲವಾಗುತ್ತದೆ, ಅದೇ 60 ಡಿಗ್ರಿಗೆ ಸುಮಾರು ಶೇಕಡ 7. ಮ್ಯಾಗ್ನೆಟ್ ದುರ್ಬಲವಾದರೆ ಅದೇ ಬಲಕ್ಕೆ ಹೆಚ್ಚು ಕರೆಂಟ್ ಬೇಕು. ಹೆಚ್ಚು ಕರೆಂಟ್ ಅಂದರೆ ಮತ್ತೆ ಬಿಸಿ. ಒಂದನ್ನೊಂದು ತಳ್ಳುತ್ತಾ ಹೋಗುತ್ತವೆ. ತಣ್ಣಗಾದ ಮೇಲೆ ಈ ನಷ್ಟ ವಾಪಸ್ ಬರುತ್ತದೆ, ನಿಜ. ಆದರೆ ಮ್ಯಾಗ್ನೆಟ್ ತಡೆಯುವ ಮಿತಿ ದಾಟಿದರೆ ಶಾಶ್ವತವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಆಗ ರೋಟರ್ ಬದಲಿಸದೆ ಬೇರೆ ದಾರಿ ಇಲ್ಲ.

ಓಟ ಮುಗಿದ ಕೂಡಲೇ ಇನ್‌ಫ್ರಾರೆಡ್ ಟೆಂಪರೇಚರ್ ಗನ್ ಹಿಡಿದು ಮೋಟರಿನ ಬಿಸಿ ನೋಡಬೇಕು. ಹೊರಮೈ 70ರಿಂದ 80 ಡಿಗ್ರಿ ಸೆಲ್ಸಿಯಸ್ ಒಳಗಿರಲಿ ಅನ್ನುವುದು ರೇಸರುಗಳ ರೂಢಿಯ ಮಾತು. ಒಳಗೆ ಇನ್ನೂ ಜಾಸ್ತಿ ಇರುತ್ತದೆ. ಕಾರು ನಿಂತು ಒಂದು ನಿಮಿಷ ಕಳೆದ ಮೇಲೆ ಅಳೆದರೆ ಆ ಅಂಕಿಯನ್ನು ಹಿಂದಿನ ಓಟದ ಜೊತೆ ಹೋಲಿಸಲು ಬರುವುದಿಲ್ಲ. ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅಳೆಯಿರಿ.

ನಮ್ಮ ಊರಿನ ಹವೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಬಹಳಷ್ಟು ಗೇರ್ ಪಟ್ಟಿಗಳು ಯುರೋಪ್, ಅಮೆರಿಕದ ಒಳಾಂಗಣ ಕಾರ್ಪೆಟ್ ಟ್ರ್ಯಾಕುಗಳಿಂದ ಬಂದವು. ಅಲ್ಲಿ ಗಾಳಿ 20 ಡಿಗ್ರಿ ಆಸುಪಾಸು ಇದ್ದರೆ, ಏಪ್ರಿಲ್‌ನ ಕಲಬುರಗಿಯಲ್ಲಿ 40 ದಾಟುತ್ತದೆ. ಇಲ್ಲಿ ಮೋಟರ್ ಶುರುವಾಗುವುದೇ ಅಲ್ಲಿಗಿಂತ 20 ಡಿಗ್ರಿ ಹೆಚ್ಚು ಬಿಸಿಯಿಂದ. ಬೇರೆಯವರ ಎಫ್‌ಡಿಆರ್ ಅನ್ನು ಹಾಗೇ ಹಾಕಿಕೊಂಡರೆ ಬಿಸಿ ಮಿತಿ ದಾಟಬಹುದು. ಬೇಸಗೆಯಲ್ಲಿ ಬಯಲಲ್ಲಿ ಓಡಿಸುವವರು ಪಟ್ಟಿಯಲ್ಲಿರುವುದಕ್ಕಿಂತ ಎರಡು ಮೂರು ಹಲ್ಲು ಚಿಕ್ಕ ಪಿನಿಯನ್‌ನಿಂದ ಶುರು ಮಾಡಲಿ.

## ಟ್ರ್ಯಾಕಿನಲ್ಲಿ ತಿದ್ದುವ ರೀತಿ

ಮೋಟರ್ ಕಂಪನಿ ಕೊಟ್ಟ ಎಫ್‌ಡಿಆರ್ ಇದ್ದರೆ ಅದರಿಂದ ಶುರು ಮಾಡಿ. ಪಿನಿಯನ್ ಕೂರಿಸುವಾಗ ಎರಡು ಗೇರುಗಳ ನಡುವೆ ಕಣ್ಣಿಗೆ ಕಾಣುವಷ್ಟು ಚೂರೇ ಚೂರು ಆಟ ಇರಲಿ. ಗೇರ್ ಬಿಗಿಯಾಗಿದ್ದರೂ ಮೋಟರ್ ಬಿಸಿಯಾಗುತ್ತದೆ, ನೀವು ಸುಮ್ನೆ ಟೈಮಿಂಗ್ ಮೇಲೆ ಅನುಮಾನ ಪಡುತ್ತೀರಿ.

ಎರಡು ನಿಮಿಷ ಓಡಿಸಿ ನಿಲ್ಲಿಸಿ, ಬಿಸಿ ನೋಡಿ. ಆಗಲೇ 70 ದಾಟಿದ್ದರೆ 5 ನಿಮಿಷ ಓಡಿಸಬೇಡಿ, ಪಿನಿಯನ್ ಇಳಿಸಿ. ಸರಿಯಿದ್ದರೆ ಪೂರ್ತಿ ಓಡಿಸಿ.

ಈಗ ಕಿವಿ ಕೊಡಿ. ಉದ್ದದ ನೇರ ಓಟದ ಅರ್ಧದಲ್ಲೇ ಮೋಟರ್ ಸದ್ದು ಒಂದೇ ಸ್ವರಕ್ಕೆ ನಿಂತುಬಿಟ್ಟರೆ, ಮೋಟರ್ ತನ್ನ ಮಿತಿ ಮುಟ್ಟಿದೆ, ಗೇರ್ ಚಿಕ್ಕದಾಗಿದೆ. ನೇರ ಓಟದ ಕೊನೆಯವರೆಗೂ ಸದ್ದು ಏರುತ್ತಲೇ ಇದ್ದು, ತಿರುವಿನಿಂದ ಹೊರಬರುವಾಗ ಕಾರು ಎಳೆಯಲು ಒದ್ದಾಡಿದರೆ, ಗೇರ್ ದೊಡ್ಡದಾಗಿದೆ. ಇವೆರಡರ ನಡುವಿನ ಜಾಗ ನಿಮಗೆ ಬೇಕಾದದ್ದು.

46ರ ಪಿನಿಯನ್, ಟೈಮಿಂಗ್ 40, ಓಟದ ಕೊನೆಗೆ 84 ಡಿಗ್ರಿ ಬಂತು ಅಂದುಕೊಳ್ಳಿ. ಆಗ ಎರಡು ದಾರಿ ಇವೆ. ನೇರ ಓಟದಲ್ಲಿ ಬೇಕಾದಷ್ಟು ವೇಗವಿದ್ದು ತಿರುವಿನಲ್ಲಿ ಸೋಲುತ್ತಿದ್ದರೆ ಪಿನಿಯನ್ 44ಕ್ಕೆ ಇಳಿಸಿ, ಟೈಮಿಂಗ್ ಹಾಗೇ ಇರಲಿ. ಸದ್ದು ಅರ್ಧದಲ್ಲೇ ನಿಂತು, ಆದರೂ ಮೋಟರ್ ಬಿಸಿಯಾಗಿದ್ದರೆ ತಪ್ಪು ಗೇರಿನದ್ದಲ್ಲ, ಟೈಮಿಂಗ್‌ನದ್ದು. ಅದನ್ನು ಐದು ಡಿಗ್ರಿ ಇಳಿಸಿ, ಪಿನಿಯನ್ ಮುಟ್ಟಬೇಡಿ. ಎರಡನ್ನೂ ಒಂದೇ ಸಲ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ. ಲ್ಯಾಪ್ ಟೈಮ್, ಬಿಸಿ, ಪಿನಿಯನ್, ಟೈಮಿಂಗ್, ಹವೆ ಇಷ್ಟನ್ನೂ ಪುಸ್ತಕದಲ್ಲಿ ಬರೆದಿಡಿ.

ಕಾರು ನೇರ ಓಟದಲ್ಲಿ ಪಕ್ಕದ ಕಾರನ್ನು ಹಿಂದೆ ಹಾಕಿದರೆ ಖುಷಿಯಾಗುತ್ತದೆ. ಆದರೆ ನೋಡಬೇಕಾದದ್ದು ಐದೂ ನಿಮಿಷದ ಲ್ಯಾಪ್ ಟೈಮ್. ಮೊದಲ ಲ್ಯಾಪಿಗೂ ಕೊನೆಯ ಲ್ಯಾಪಿಗೂ ಅಂತರ ಕಡಿಮೆ ಇರುವ ಸೆಟ್ಟಿಂಗ್ ಹಲವು ಸಲ ಗೆಲ್ಲುತ್ತದೆ.

## ಬ್ಲಿಂಕಿ, ಬೂಸ್ಟ್, ಟರ್ಬೊ

ಎಂಡ್‌ಬೆಲ್ ಟೈಮಿಂಗ್ ಒಂದೇ ಕಡೆ ನಿಂತಿರುತ್ತದೆ. ನಿಧಾನಕ್ಕೆ ಹೋಗುವಾಗ ಅದು ಬೇಕಾದದ್ದಕ್ಕಿಂತ ಜಾಸ್ತಿ, ಜೋರಾಗಿ ಹೋಗುವಾಗ ಬೇಕಾದದ್ದಕ್ಕಿಂತ ಕಡಿಮೆ. ಇದಕ್ಕೆ ಇಎಸ್‌ಸಿ ಸಾಫ್ಟ್‌ವೇರ್ ಒಂದು ಉಪಾಯ ತಂದಿತು. ಆರ್‌ಪಿಎಂ ಏರಿದಂತೆ ತಾನೇ ಟೈಮಿಂಗ್ ಸೇರಿಸುತ್ತಾ ಹೋಗುವುದು ಬೂಸ್ಟ್. ಥ್ರಾಟಲ್ ಪೂರ್ತಿ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಇನ್ನಷ್ಟು ಸೇರಿಸುವುದು ಟರ್ಬೊ. ಎಂಡ್‌ಬೆಲ್‌ನಲ್ಲಿ ಇಟ್ಟದ್ದರ ಮೇಲೆ ಇವೂ ಕೂಡುತ್ತವೆ. ಒಟ್ಟು ಟೈಮಿಂಗ್ ಅಷ್ಟು ಏರಿದಾಗ ಗೇರನ್ನೂ ಅದಕ್ಕೆ ತಕ್ಕಂತೆ ಸಾಕಷ್ಟು ಇಳಿಸಲೇಬೇಕು.

2010ರ ಆಸುಪಾಸಿನಲ್ಲಿ ಈ ಸಾಫ್ಟ್‌ವೇರ್‌ನಿಂದ ಹೊಸಬರಿಗೆಂದು ಇದ್ದ ತರಗತಿಗಳ ವೇಗ ವಿಪರೀತ ಏರಿತು. ಮೋಟರುಗಳು ಸುಡತೊಡಗಿದವು, ಖರ್ಚೂ ಹೆಚ್ಚಿತು. ಆಗ ಬಂದ ನಿಯಮವೇ ಬ್ಲಿಂಕಿ. ಇಎಸ್‌ಸಿ ತನ್ನ ಕಡೆಯಿಂದ ಒಂದು ಡಿಗ್ರಿಯನ್ನೂ ಸೇರಿಸಬಾರದು. ಹಾಗೆ ಸೊನ್ನೆಗೆ ಇಟ್ಟಿರುವುದನ್ನು ತೋರಿಸಲು ಇಎಸ್‌ಸಿಯ ಎಲ್‌ಇಡಿ ದೀಪ ಮಿಣಮಿಣ ಮಿನುಗುತ್ತಿರುತ್ತದೆ. ತಪಾಸಣೆ ಮಾಡುವವರಿಗೆ ಒಂದು ನೋಟ ಸಾಕು. ಬ್ಲಿಂಕಿ ತರಗತಿಯಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಎಂಡ್‌ಬೆಲ್ ಮತ್ತು ಪಿನಿಯನ್ ಮಾತ್ರ. ಕಲಿಯಲು ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ.

## ಟೈರ್ ಸವೆದರೆ ಗೇರ್ ಬದಲಾದ ಹಾಗೇ

ರಬ್ಬರ್ ಟೈರಿನ ಟೂರಿಂಗ್ ಕಾರಿನಲ್ಲಿ ಎಫ್‌ಡಿಆರ್ ಒಂದನ್ನೇ ನೋಡಿದರೆ ಸಾಕು, ವ್ಯಾಸ ಅಷ್ಟಾಗಿ ಬದಲಾಗುವುದಿಲ್ಲ. 1/12 ಅಳತೆಯ ಪ್ಯಾನ್ ಕಾರುಗಳಲ್ಲಿ (ಚಪ್ಪಟೆ ತಳದ ರೇಸ್ ಕಾರುಗಳು) ಫೋಮ್ ಟೈರ್ ಇರುತ್ತದೆ, ಅದು ಸವೆಯುತ್ತಲೇ ಹೋಗುತ್ತದೆ. 42 ಮಿಲಿಮೀಟರ್ ಇದ್ದ ಟೈರ್ 40ಕ್ಕೆ ಇಳಿದರೆ ಪಿನಿಯನ್ ಮುಟ್ಟದೆಯೇ ಕಾರಿನ ವೇಗ ಶೇಕಡ 5ರಷ್ಟು ಕುಸಿಯುತ್ತದೆ. ಅದಕ್ಕೇ ಆ ರೇಸರುಗಳು ರೋಲೌಟ್ ಲೆಕ್ಕ ಇಡುತ್ತಾರೆ: ಟೈರಿನ ಸುತ್ತಳತೆಯನ್ನು ಎಫ್‌ಡಿಆರ್‌ನಿಂದ ಭಾಗಿಸಿದರೆ, ಮೋಟರ್ ಒಂದು ಸುತ್ತಿಗೆ ಕಾರು ಎಷ್ಟು ಮಿಲಿಮೀಟರ್ ಮುಂದೆ ಹೋಗುತ್ತದೆ ಅಂತ ಸಿಗುತ್ತದೆ. ಮೇಲೆ ನೋಡಿದ ಟೂರಿಂಗ್ ಕಾರಿಗೆ ಅದು ಸುಮಾರು 50 ಮಿಲಿಮೀಟರ್. ಫೋಮ್ ಟೈರಿನವರು ಪ್ರತಿ ಓಟಕ್ಕೂ ಮುಂಚೆ ಹಿಂದಿನ ಟೈರಿನ ವ್ಯಾಸ ಅಳೆದು, ರೋಲೌಟ್ ಇಳಿದಿದ್ದರೆ ಒಂದು ಹಲ್ಲು ದೊಡ್ಡ ಪಿನಿಯನ್ ಹಾಕಿಕೊಂಡು ಸಾಲಿಗೆ ನಿಲ್ಲುತ್ತಾರೆ.